ಗೋದಕ್ಕ ಹಿಡಿದು ನಿಂತ ಬಾಗಿಲು

ನಿನ್ನೆ ನನ್ನ ಹ್ಯಾಂಡ್‌ಬ್ಯಾಗಿನಲ್ಲಿ ಒಂದು ಸಣ್ಣ ತೋಟ ಸಿಕ್ಕಿತು.

ಕನ್ನಡಕದ ಡಬ್ಬಿ ಹುಡುಕಲು ಕೈ ಹಾಕಿದ್ದೆ. ಬೆರಳಿಗೆ ಏನೋ ತಣ್ಣಗೆ, ಬಾಲಬಾಲವಾಗಿ ತಗುಲಿತು. ಹಲ್ಲಿಯ ಸಂಸಾರವೇ ಒಳಗಿದೆ ಎಂದುಕೊಂಡು "ಓ ಮೈ ಗಾಡ್!" ಎಂದು ಚೀರಿ ಬ್ಯಾಗನ್ನು ಸೋಫಾದ ಮೇಲೆ ಎಸೆದೆ. ಎಪ್ಪತ್ತು ದಾಟಿದರೂ ಹೆದರಿಕೆಯಾದಾಗ ನನ್ನ ಬಾಯಿಗೆ ಮೊದಲು ಬರುವವನು ಕಾನ್ವೆಂಟಿನ ದೇವರು. ಮನೆದೇವರಾದ ವೆಂಕಟೇಶ ಹಿಂದಿನಿಂದ ಸಾವಕಾಶವಾಗಿ ಬರುತ್ತಾನೆ. ಧೈರ್ಯ ತಂದುಕೊಂಡು ಬ್ಯಾಗು ಕೊಡವಿದೆ. ಬಿದ್ದದ್ದು ಕರವಸ್ತ್ರದ ಗಂಟು. ಗಂಟಿನೊಳಗೆ ಕಡಲೆ. ಪ್ರತಿ ಕಡಲೆಗೂ ಒಂದೊಂದು ಬೆಳ್ಳನೆಯ ಮೊಳಕೆ.

ಚೈತ್ರಗೌರಿಯ ಕಡಲೆ ಅದು. ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಯುಗಾದಿಯ ನಂತರ ಬೆಳಗಾವಿಯ ಎಷ್ಟೋ ಮನೆಗಳಲ್ಲಿ ಗೌರಿ ತವರಿಗೆ ಬಂದು ಪುಟ್ಟ ತೂಗುಮಂಚದ ಮೇಲೆ ಕೂರುತ್ತಾಳೆ. ಒಂದು ಸಂಜೆ ನೆರೆಹೊರೆಯ ಹೆಂಗಸರನ್ನೆಲ್ಲ ಕರೆದು, ಅರಿಶಿನ ಕುಂಕುಮ ಹಚ್ಚಿ, ಮಾವಿನಕಾಯಿ ಕೋಸಂಬರಿ ತಿನ್ನಿಸಿ, ಪಾನಕ ಕುಡಿಸಿ, ಹೊರಡುವಾಗ ನೆನೆಸಿದ ಕಡಲೆಯಿಂದ ಉಡಿ ತುಂಬುತ್ತೇವೆ. ಇವತ್ತು ನಮ್ಮ ಮನೆ, ನಾಳೆ ಅವರ ಮನೆ. ಹೀಗಾಗಿ ಚೈತ್ರದಲ್ಲಿ ನಮ್ಮ ಅನಗೋಳದ ಓಣಿಗಳಲ್ಲಿ ಕಡಲೆಗೆ ಬಿಡುವೇ ಇರುವುದಿಲ್ಲ. ಪಕ್ಕದ ಮನೆಯ ಶಾಂತಕ್ಕ ನನ್ನ ಉಡಿಗೆ ಹಾಕಿದ ಕಡಲೆ ನನ್ನಿಂದ ಹಿಂದಿನ ಓಣಿಗೆ, ಅಲ್ಲಿಂದ ಮೂಲೆಮನೆಗೆ, ಮೂಲೆಮನೆಯಿಂದ ಮತ್ತೆ ಶಾಂತಕ್ಕನಿಗೆ. ಒಂದು ವರ್ಷ ಕಪ್ಪು ಮಚ್ಚೆಯ ಕಡಲೆಯೊಂದು ನನ್ನ ಬಳಿ ಮರಳಿ ಬಂದದ್ದನ್ನು ನಾನೇ ಗುರುತು ಹಿಡಿದಿದ್ದೇನೆ. ನಮ್ಮವರು ಒಪ್ಪುವುದಿಲ್ಲ; ಗಣಿತದ ಮಾಸ್ತರರಾಗಿದ್ದವರು, ಸಾಕ್ಷಿ ಕೇಳುತ್ತಾರೆ.

ಆದರೆ ಈ ಕರವಸ್ತ್ರದ ಗಂಟನ್ನು ಕಟ್ಟಿದ್ದು ಯಾವಾಗ, ಅರ್ಧ ಕಡಲೆ ಎಲ್ಲಿ ಹೋಯಿತು ಎಂದು ನೆನಪಾದಾಗ ಒಬ್ಬಳೇ ಕೂತು ನಕ್ಕೆ. ಅದನ್ನೇ ನಿಮಗೆ ಹೇಳಬೇಕು.

ಮೊದಲು ನನ್ನ ವಸಂತದ ವಿಷಯ. ನಾನು ವಸಂತವನ್ನು ಕಲಿತದ್ದು ಬೆಳಗಾವಿಯ ಕ್ಯಾಂಪ್ ಬಡಾವಣೆಯ ಕಾನ್ವೆಂಟಿನಲ್ಲಿ, ಇಂಗ್ಲಿಷಿನಲ್ಲಿ. ನಮಗೆ ಎಲೊಕ್ಯೂಷನ್ ಕಲಿಸುತ್ತಿದ್ದ ಸಿಸ್ಟರ್ ಒಂದು ಪದ್ಯ ಹೇಳಿಕೊಟ್ಟಿದ್ದರು. ಅದರಲ್ಲಿ ಏಪ್ರಿಲ್ ಬಂದರೆ ಹಿಮ ಕರಗುತ್ತಿತ್ತು, ಕುರಿಮರಿಗಳು ಜಿಗಿಯುತ್ತಿದ್ದವು. ಕಿಟಕಿಯಾಚೆ ಬೆಳಗಾವಿಯ ಏಪ್ರಿಲ್ ಧೂಳೆಬ್ಬಿಸಿಕೊಂಡು ನಿಂತಿರುತ್ತಿತ್ತು. ನಾವು ಒಳಗೆ, ಬೆವರುತ್ತ, ಕೈ ತಿಕ್ಕಿಕೊಂಡು ಹಿಮಕ್ಕೆ ನಡುಗುತ್ತಿದ್ದೆವು. "ಆ್ಯಕ್ಷನ್, ಗರ್ಲ್ಸ್, ಆ್ಯಕ್ಷನ್!" ಎನ್ನುತ್ತಿದ್ದರು ಸಿಸ್ಟರ್. ಕುರಿಮರಿಯ ಸಾಲಿಗೆ ಎರಡೂ ಕಾಲು ಕೂಡಿಸಿ ಜಿಗಿಯಬೇಕಿತ್ತು. ಆ ಜಿಗಿತದಲ್ಲಿ ನನಗೆ ಫಸ್ಟ್ ಪ್ರೈಜ್ ಬಂದಿತ್ತು. ಮುಂದೆ ಅದೇ ನನ್ನ ಮದುವೆಯಲ್ಲಿ ನನಗೆ ಮುಳುವಾಯಿತು.

ನನ್ನನ್ನು ಕೊಟ್ಟದ್ದು ಖಾನಾಪುರಕ್ಕೆ. ಮಲಪ್ರಭೆಯ ದಂಡೆಗೆ ಹತ್ತಿರದ ದೊಡ್ಡ ಮನೆ. ಮದುವೆ ಮುಗಿದು ಮನೆ ತುಂಬಿಸಿಕೊಳ್ಳುವ ಹೊತ್ತಿಗೆ ಮುಂಬಾಗಿಲಲ್ಲಿ ಇವರ ಅಕ್ಕ ಗೋದಾವರಿ, ಎಲ್ಲರ ಗೋದಕ್ಕ, ಚೌಕಟ್ಟಿನ ಎರಡೂ ಕಡೆ ಕೈ ಚಾಚಿ ನಿಂತಿದ್ದಳು. ಆಗ ಅವಳು ಎತ್ತರದ, ಗಟ್ಟಿಮುಟ್ಟಾದ ಹೆಂಗಸು. ಅವಳು ನಿಂತರೆ ಬಾಗಿಲು ತುಂಬಿಹೋಗುತ್ತಿತ್ತು.

"ಹೆಸರು ಹೇಳು. ಒಡಪಿನಾಗ ಹೇಳಬೇಕ ಮತ್ತ. ಹೇಳಿದ್ರ ದಾರಿ, ಇಲ್ಲಂದ್ರ ಇಲ್ಲ" ಎಂದಳು.

ಒಡಪು ಎಂದರೆ, ಗಂಡನ ಹೆಸರನ್ನು ಬರಿದೇ ಹೇಳದೆ, ಪ್ರಾಸ ಕೂಡಿಸಿದ ನಾಲ್ಕು ಸಾಲು ಕಟ್ಟಿ, ಕೊನೆಯ ಸಾಲಿನಲ್ಲಿ ಹೆಸರನ್ನು ಕೂರಿಸಿ ಹೇಳುವುದು. ಖಾನಾಪುರದ ಹುಡುಗಿಯರಿಗೆ ಅದು ನೀರು ಕುಡಿದಷ್ಟು ಸುಲಭ. ನನಗೆ ಒಂದೂ ಬರುತ್ತಿರಲಿಲ್ಲ. ಎಲ್ಲರ ಕಣ್ಣು ನನ್ನ ಮೇಲೆ. "ಏನರೆ ಒಂದ ಅನ್ನವಾ, ಹೊತ್ತಾತು" ಎಂದು ಯಾರೋ ಅಜ್ಜಿ ಹಿಂದಿನಿಂದ ಚುಚ್ಚಿದಳು. ಏನಾದರೂ ಒಂದು ತಾನೇ? ನಾನು ಕಣ್ಣು ಮುಚ್ಚಿ, ಕೈ ಹಿಂದೆ ಕಟ್ಟಿ, ಸಿಸ್ಟರ್ ಕಲಿಸಿದ ಪದ್ಯವನ್ನು ಶುರು ಮಾಡಿಯೇಬಿಟ್ಟೆ. ಹಿಮಕ್ಕೆ ನಡುಗಿದೆ. ಕುರಿಮರಿಯ ಸಾಲು ಬಂದಾಗ ಒಂಬತ್ತು ಗಜದ ಸೀರೆಯಲ್ಲಿ, ಬಾಸಿಂಗ ಕಟ್ಟಿಕೊಂಡು, ಎರಡೂ ಕಾಲು ಕೂಡಿಸಿ ಜಿಗಿದೆ. ಸೆರಗಿನ ಗಂಟಿನಲ್ಲಿದ್ದ ನಮ್ಮವರೂ ಜೊತೆಗೆ ಅರ್ಧ ಜಿಗಿದರು.

ಗೋದಕ್ಕ ಕೊನೆಯತನಕ ಕೇಳಿದಳು. ಆಮೇಲೆ ಗಂಭೀರವಾಗಿ ಕೇಳಿದಳು:

"ಛಂದ ಕುಣದಿ. ಆದ್ರ ಇದರಾಗ ನಮ್ಮ ಶೀನ್ಯಾ ಎಲ್ಲಿದ್ದಾನ?"

ಶೀನ್ಯಾ ಎಂದರೆ ನಮ್ಮವರು, ಶ್ರೀನಿವಾಸರಾಯರು. ಕಾನ್ವೆಂಟಿನಲ್ಲಿ ಸುಳ್ಳು ಹೇಳಬಾರದೆಂದು ಕಲಿಸಿದ್ದರಲ್ಲ, "ಹೀ ಈಸ್ ನಾಟ್ ಇನ್ ದ ಪೊಯೆಮ್" ಎಂದೆ.

ನಗು ಓಣಿಯ ಕೊನೆಯತನಕ ಹೋಯಿತು. ಆ ನಗುವಿನ ನಡುವೆ ನಮ್ಮ ಅತ್ತೆ, ಮಾತು ಕಡಿಮೆಯ ಹೆಂಗಸು, ಬಂದು ನನ್ನ ಕೈ ಹಿಡಿದು "ಬಾ, ಅಕಿ ಬಿಡೂ ಪೈಕಿ ಅಲ್ಲ. ಮುಹೂರ್ತ ಮೀರತದ" ಎಂದು ನಮ್ಮಿಬ್ಬರನ್ನೂ ಮನೆಯ ಪಕ್ಕದ ಸಂದಿಯಿಂದ ಹಿತ್ತಲ ಬಾಗಿಲಿಗೆ ಕರೆದೊಯ್ದರು. ಅಕ್ಕಿ ತುಂಬಿದ ಸೇರನ್ನೂ ಅಲ್ಲಿಯೇ ಇಟ್ಟರು. ಬಲಗಾಲಿನಿಂದ ಮೆಲ್ಲಗೆ ತಾಕಿಸಬೇಕು ಎಂಬುದು ನನಗೇನು ಗೊತ್ತು? ಥ್ರೋಬಾಲ್ ಟೀಮಿನ ಕ್ಯಾಪ್ಟನ್ ಆಗಿದ್ದ ಕಾಲು. ಸೇರು ಹಾರಿ ಅಡುಗೆಮನೆಯಲ್ಲಿದ್ದ ಸಾರಿನ ಪಾತೇಲಿಗೆ ಬಡಿದು ಠಣ್ ಎಂದಿತು. "ಲಕ್ಷ್ಮಿ ಓಡಿಕೋತ ಬಂದ್ಲು" ಎಂದರು ಅತ್ತೆ. ನನ್ನನ್ನು ಮಣೆಯ ಮೇಲೆ ಕೂರಿಸಿ, ಹಸಿದಿದ್ದೀಯೆಂದು ರವೆ ಸಕ್ಕರೆಯ ಬಿಸಿ ಶಿರಾ ಕೊಟ್ಟರು.

ಗದ್ದಲದಲ್ಲಿ ಗೋದಕ್ಕನಿಗೆ ಇದನ್ನು ಹೇಳುವುದನ್ನು ಎಲ್ಲರೂ ಮರೆತರು. ಮದುಮಗಳು ಯಾವುದೋ ಮೂಲೆಯಲ್ಲಿ ನಿಂತು ಒಡಪು ಕಟ್ಟುತ್ತಿದ್ದಾಳೆಂದು ಅವಳು ಕೈ ಚಾಚಿಕೊಂಡು ನಿಂತೇ ಇದ್ದಳು. ಹುಡುಗಿಯರು ಒಬ್ಬೊಬ್ಬರಾಗಿ ಊಟದ ಪಂಕ್ತಿಗೆ ಜಾರಿದರು. ಕೊನೆಗೆ ಒಳಗಿನಿಂದ ಯಾರೋ ಕೈ ಒರೆಸಿಕೊಳ್ಳುತ್ತ ಬಂದು, "ಇನ್ನೂ ಇಲ್ಲೇ ನಿಂತಿಯೇನ? ಹುಡುಗಿ ಶಿರಾ ತಿಂದು ಎರಡನೇ ಸಲ ನೀಡಿಸಿಕೊಂಡ್ಲು" ಎಂದರಂತೆ.

ಗೋದಕ್ಕ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಯಾವತ್ತೋ ಇಳಿಯುತ್ತಿತ್ತು. ಅವಳು ಒಂದು ಪದ್ಧತಿ ಹಾಕಿಕೊಂಡಳು. ನಾವು ಅನಗೋಳದಲ್ಲಿ ಮನೆ ಮಾಡಿದ ಮೇಲೆ ಮೊದಲ ಸಲ ಬಂದವಳು ಗೇಟು ದಾಟಿ, ಮುಂಬಾಗಿಲನ್ನು ನೋಡಿಯೂ ನೋಡದಂತೆ, ಮನೆ ಸುತ್ತು ಹಾಕಿ ಹಿತ್ತಲಿಂದ ಅಡುಗೆಮನೆಗೆ ಬಂದಳು.

"ಇದೇನು ಗೋದಕ್ಕ, ಮುಂದಿನಿಂದ ಬರೂದು ಬಿಟ್ಟು?"

"ನಿಮ್ಮೊಳಗ ಹಿಂಗ ಬರೂದು ಪದ್ಧತಿ ಅಲ್ಲೇನು? ನೀ ಒಡಪು ಹೇಳಿದ ದಿನಾ ಮುಂದಿನ ಬಾಗಲದಾಗ ಬರತೀನಿ. ನಾಲ್ಕ ಮಂದಿ ಮುಂದ ಹೇಳಬೇಕ ಮತ್ತ. ನಾನೂ ನಾಲ್ಕ ಮಂದಿ ಮುಂದನ ನಿಂತಿದ್ದೆ."

ಮೊದಲು ನನಗೆ ಇದು ತೀರ ಸಿಲ್ಲಿ ಅನ್ನಿಸಿತು. ಆಮೇಲೆ ನನಗೂ ಹಟ ಬಂತು: ಬಿ.ಎ. ಮಾಡಿದವಳು ನಾನು, ಗಂಡನ ಹೆಸರಿಗೆ ಪ್ರಾಸ ಹೊಸೆಯುತ್ತ ಕೂರಲೇ? ಆಮೇಲೆ ಹಟವೂ ಮರೆತು ಅದು ಬರೀ ರೂಢಿಯಾಯಿತು. ಪ್ರತಿ ಚೈತ್ರಕ್ಕೆ ಹಿತ್ತಲಲ್ಲಿ ಚಪ್ಪಲಿ ಸಪ್ಪಳ. ಗೋದಕ್ಕ ಬಂದವಳೇ ಚೀಲದಿಂದ ಖಾನಾಪುರ ಸಂತೆಯ ಕವಳಿಹಣ್ಣು ಸುರಿದು, ಒಲೆಯ ಮೇಲಿನ ಪಾತೇಲಿಯ ಮುಚ್ಚಳ ತೆಗೆದು, "ಉಪ್ಪು ಕಡಿಮಿ" ಎನ್ನುವಳು. ರುಚಿ ನೋಡುವ ಮೊದಲೇ ಎನ್ನುವಳು.

ಈ ವರ್ಷ ಯುಗಾದಿಯ ಮರುದಿನ ಫೋನು ಬಂತು.

"ನಳೂ, ಈ ಸಲ ಗೌರಿಗೆ ನಾ ಬರೂದು ಸುಳ್ಳ."

"ಯಾಕ ಗೋದಕ್ಕ?"

"ನಿಮ್ಮ ಹಿತ್ತಲ ಮೆಟ್ಟಿಲಾ, ನನ್ನ ಮೊಣಕಾಲಾ, ಎರಡೂ ಕೂಡಿ ಬ್ಯಾಡಂತ ಠರಾವು ಮಾಡ್ಯಾವ."

ನಮ್ಮ ಹಿತ್ತಲ ಮೆಟ್ಟಿಲು ಕಡಿದಾದವು. ಹಿಡಿದುಕೊಳ್ಳಲು ಸರಳೂ ಇಲ್ಲ. ಗೋದಕ್ಕನಿಗೆ ಎಂಬತ್ತು ದಾಟಿದೆ. "ಮುಂದಿನ ಬಾಗಲದಾಗ ಬರ್ರಿ, ಪ್ಲೀಸ್. ಅಲ್ಲಿ ಒಂದೂ ಮೆಟ್ಟಿಲಿಲ್ಲ" ಎಂದೆ.

ಗೋದಕ್ಕ ಅಂದಳು: "ಅದು ನನ್ನ ಕೈಯಾಗ ಇಲ್ಲ. ನಿನ್ನ ಬಾಯಾಗ ಅದ."

ಫೋನಿಟ್ಟ ಮೇಲೆ ಅಡುಗೆಮನೆಗೆ ಹೋದೆ. ಒಲೆಯ ಮೇಲಿನ ಮುಚ್ಚಳ ಮುಚ್ಚಿದ ಹಾಗೇ ಇತ್ತು. ಗೋದಕ್ಕ ತೆಗೆಯದ ಮುಚ್ಚಳದ ಚೈತ್ರ ಹೇಗಿರುತ್ತದೆ ಎಂದು ಒಂದು ಕ್ಷಣ ಕಂಡಂತಾಯಿತು. ನನಗದು ಇಷ್ಟವಾಗಲಿಲ್ಲ.

ಕಾಂಪೌಂಡ್ ಗೋಡೆಯ ಸಂದಿಯಲ್ಲಿ ಶಾಂತಕ್ಕನಿಗೆ ಹೇಳಿದೆ. ನಮ್ಮ ಪಕ್ಕದ ಮನೆ ಅವರದು. ಒಂದು ಮಳೆಗಾಲದಲ್ಲಿ ನಡುವಿನ ಗೋಡೆ ಸ್ವಲ್ಪ ಬಿತ್ತು. ಬಟ್ಟಲು, ಸುದ್ದಿ ಎರಡೂ ಹಾದುಹೋಗಲು ಅನುಕೂಲವಾಯಿತೆಂದು ಎರಡೂ ಮನೆಯವರು ಹಾಗೇ ಬಿಟ್ಟಿದ್ದೇವೆ. ಅವರ ಹಿತ್ತಲು ನಮ್ಮದಕ್ಕಿಂತ ಎತ್ತರ. ಸಂದಿಯಿಂದ ಕಾಲಿಟ್ಟರೆ ಸೀದಾ ನಮ್ಮ ಅಡುಗೆಮನೆಯ ಕಟ್ಟೆ.

"ನಮ್ಮ ಮನ್ಯಾಗಿಂದ ಹಾದು ಬರಲ್ರಿ ಅವರು. ಮೆಟ್ಟಿಲ ಇಲ್ಲ, ಏನಿಲ್ಲ" ಎಂದಳು ಶಾಂತಕ್ಕ.

ಅದನ್ನೂ ಗೋದಕ್ಕನಿಗೆ ಫೋನಿನಲ್ಲಿ ಹೇಳಿದೆ. "ಕಂಡವರ ಮನಿ ಹೊಸ್ತಿಲಾ ತುಳಕೋತ ಹೋಗ್ಲಿಕ್ಕೆ ನಾ ಏನು ಪೋಸ್ಟಮನ್ನೇನು?" ಎಂದು ಫೋನಿಟ್ಟಳು.

ಶಾಂತಕ್ಕ ನಮ್ಮ ಮಹಿಳಾ ಮಂಡಳದ ಸೆಕ್ರೆಟರಿ. ಪ್ರತಿ ಚೈತ್ರದಲ್ಲಿ ಓಣಿಯ ಕಮ್ಯುನಿಟಿ ಹಾಲ್‌ನಲ್ಲಿ ಮಂಡಳದ್ದೊಂದು ಸಂಜೆ ಇರುತ್ತದೆ: ರಂಗೋಲಿ, ಭಜನೆ, ಹುಡುಗಿಯರ ಕುಣಿತ, ಗೌರಿಯ ಆರಾಸದ ಸ್ಪರ್ಧೆ. ಗೊಂಬೆ, ಹಣ್ಣು, ಹೂವನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಸಿಂಗಾರಕ್ಕೆ ಇಲ್ಲಿ ಆರಾಸ ಎನ್ನುತ್ತೇವೆ. ಹಿಂದಿನ ಸಲ ನಾನೂ ಭಾಗವಹಿಸಿ, "ಸಿಂಪ್ಲಿಸಿಟಿ ಈಸ್ ಬ್ಯೂಟಿ" ಎಂದು ಹಿತ್ತಾಳೆಯ ಗೌರಿಯ ಮುಂದೆ ಒಂದೇ ಒಂದು ಕಮಲ ಇಟ್ಟಿದ್ದೆ. ಜಡ್ಜ್ ಬಂದು ನೋಡಿ, "ನಿಮ್ಮದು ತಯಾರಾದ ಮ್ಯಾಲ ಕರೀರಿ" ಎಂದು ಮುಂದೆ ಹೋದರು.

"ಈ ಸಲ ಒಡಪಿಂದೂ ಒಂದ ಕಾರ್ಯಕ್ರಮ ಇಟ್ಟೀವ್ರಿ ಬಾಯಾರ. ನಿಮ್ಮ ಹೆಸರು ಬರಕೊಂಡ್ನಿ" ಎಂದಳು ಶಾಂತಕ್ಕ. ಬಾಯಾರ ಎಂದರೆ ಅಮ್ಮಾವರು, ಅಂದರೆ ನಾನು. ನಾನು ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಗ್ರೂಪಿನಲ್ಲಿ ಮೆಸೇಜು ಹೋಗಿತ್ತು.

ಗೋದಕ್ಕನಿಗೆ ಸುದ್ದಿ ಮುಟ್ಟಿತು. "ಸೀದಾ ಹಾಲಿಗೇ ಬರತೀನಿ. ಹೇಳಿದ್ರ ನಿಮ್ಮ ಮನಿಗೆ, ಇಲ್ಲಂದ್ರ ಅಲ್ಲಿಂದನ ಖಾನಾಪುರ ಬಸ್ಸಿಗೆ" ಎಂದಳು. ಅಷ್ಟೇ. ಪರೀಕ್ಷೆಗೂ ಇಷ್ಟು ಸ್ಪಷ್ಟ ಪ್ರಶ್ನೆಪತ್ರಿಕೆ ಬಂದದ್ದಿಲ್ಲ.

ನಾನು ಒಡಪು ಕಟ್ಟಲು ಕೂತೆ. ಎಷ್ಟು ಕಾಗದ ಹರಿದೆನೋ. ಮೊದಲನೆಯದರಲ್ಲಿ ಮತ್ತೆ ಹಿಮ ಬಂತು, ಶಾಂತಕ್ಕ "ಬೆಳಗಾವ್ಯಾಗ ಎಲ್ಲೀದ್ರೀ?" ಎಂದು ಕರಗಿಸಿದಳು. ಕೊನೆಗೆ ನಿಂತದ್ದು ಇದು:

ಮಲಪ್ರಭಾ ದಂಡಿಮ್ಯಾಲ ಮಾವಿನ ನೆರಳು,
ಗೌರಿಯ ಮುಡಿಯಾಗ ಮಲ್ಲಿಗಿ ಅರಳು,
ಹೊಸ್ತಿಲಾ ಬಿಡ್ರಿ ಗೋದಕ್ಕ, ತಡೀಬ್ಯಾಡ್ರಿ ದಾರಿ,
ಶ್ರೀನಿವಾಸರಾಯರ ಹೆಸರು ಹೇಳತೀನಿ ಬರೋಬ್ಬರಿ.

ಸಣ್ಣದಾದರೂ ನನ್ನದು. "ಛಲೋ ಐತ್ರಿ. ಇನ್ನ ಬಾಯಿಪಾಠ ಮಾಡ್ರಿ, ನಿಮ್ಮದು ಇಂಗ್ಲಿಷ್ ಬಾಯಿ" ಎಂದಳು ಶಾಂತಕ್ಕ.

ಇಲ್ಲಿಂದ ತೊಂದರೆ ಶುರುವಾಯಿತು. ನಾನು ನಮ್ಮವರನ್ನು ಕರೆಯುವುದು "ಕೇಳಿದ್ರ್ಯಾ" ಎಂದು. ಮದುವೆಯಾದಾಗಿನಿಂದ ಅದೇ ಅವರ ಹೆಸರು. ಅಡುಗೆಮನೆಯಲ್ಲಿ ನಿಂತು, ಸಿಸ್ಟರ್ ಕಲಿಸಿದ ಹಾಗೆ ಉಸಿರು ತುಂಬಿಕೊಂಡು, ಗಟ್ಟಿಯಾಗಿ "ಶ್ರೀನಿವಾಸರಾಯರ" ಎಂದೆ. ಅಂಗಳದಲ್ಲಿ ಪೇಪರು ಓದುತ್ತಿದ್ದವರು ಒಂದೇ ಕಾಲಿನ ಚಪ್ಪಲಿಯಲ್ಲಿ ಓಡಿಬಂದರು.

"ಏನಾತು? ಗ್ಯಾಸ್ ಸೋರತದೇನು?"

"ಏನಿಲ್ಲ."

"ನನ್ನ ಹೆಸರು ಹಿಡದು ಕರದಿ!"

"ನಥಿಂಗ್. ಹೋಗ್ರಿ."

ಅವರಿಗೆ ಸರ್‌ಪ್ರೈಸ್ ಕೊಡಬೇಕೆಂದು ನಾನು ಒಡಪಿನ ವಿಷಯ ಹೇಳಿರಲಿಲ್ಲ. ಹೆಸರೆತ್ತಿದಾಗಲೆಲ್ಲ ಅವರು ಬಂದರು; ಬಂದಾಗಲೆಲ್ಲ ಚಹಾ ಮಾಡಿಕೊಡಬೇಕಾಯಿತು. ಹೀಗಾದರೆ ಒಡಪಿಗಿಂತ ಮೊದಲು ಸಕ್ಕರೆ ಮುಗಿಯುತ್ತದೆ. ಅದಕ್ಕೇ ತಾಲೀಮಿಗೆ ಬೇರೆ ಹೆಸರು ಹಾಕಿಕೊಳ್ಳೋಣ ಎಂದುಕೊಂಡೆ. ಪರಶುರಾಮ ಎಂದು ಹಾಕಿ ನೋಡಿದೆ, ಗೇಟಿನಿಂದ "ಏನ್ರೀ ಬಾಯಾರ?" ಎಂದ ಹಾಲಿನ ಪರಶುರಾಮ. ಕೊನೆಗೆ ಸಿಕ್ಕಿತು: ವೀರಭದ್ರಪ್ಪನವರ! ತಾಳಕ್ಕೆ ಸರಿಯಾಗಿ ಕೂತಿತು.

ವೀರಭದ್ರಪ್ಪನವರು ಶಾಂತಕ್ಕನ ಯಜಮಾನರು. ಫಾರೆಸ್ಟ್ ಇಲಾಖೆಯಲ್ಲಿದ್ದವರು, ಕಣಕುಂಬಿಯ ಕಾಡಿನಲ್ಲಿ ಕಾಡುಕೋಣ ಎದುರಾದರೂ ಕದಲದವರು, ಆದರೆ ಹೆಂಗಸರು ಎದುರಾದರೆ ಬಿಳಿ ಮೀಸೆಯೊಳಗೆ ಅಡಗಿಬಿಡುವವರು. ಅವರಿಗೆ ಎಡಗಿವಿ ಕೇಳುವುದಿಲ್ಲ. ಹಾಗಾಗಿ ಸೇಫ್ ಎಂದುಕೊಂಡೆ. ಮುಂಜಾನೆ ಕುಕ್ಕರಿನ ಜೊತೆ, ಸಂಜೆ ದೇವರ ದೀಪದ ಜೊತೆ, "ವೀರಭದ್ರಪ್ಪನವರ ಹೆಸರು ಹೇಳತೀನಿ ಬರೋಬ್ಬರಿ" ಎಂದು ವಾಯ್ಸ್ ಮಾಡ್ಯುಲೇಶನ್ ಸಮೇತ ಹೇಳಿ ಹೇಳಿ ಪಕ್ಕಾ ಮಾಡಿಕೊಂಡೆ.

ನಿಮಗೆ ಈಗಲೇ ಗೊತ್ತಾಗಿರಬೇಕು. ನನಗೆ ಮಾತ್ರ ಆ ಸಂಜೆಯತನಕ ಗೊತ್ತಾಗಲಿಲ್ಲ.

ಮಂಡಳದ ಸಂಜೆ ಹಾಲ್ ತುಂಬ ಮಲ್ಲಿಗೆ, ಪೌಡರು, ಮಾವಿನಕಾಯಿಯ ವಾಸನೆ. ಗೌರಿಯ ಮುಂದೆ ಕಲ್ಲಂಗಡಿಯನ್ನು ಕೊರೆದು ಮಾಡಿದ ಹಂಸ ಇತ್ತು; ಸೆಕೆಗೆ ಅದರ ಕತ್ತು ಬಾಗಿ, ಮುಳುಗಿ ಮೀನು ಹುಡುಕುವ ಬಾತಿನಂತಾಗಿತ್ತು. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗೋದಕ್ಕ, ಮಡಿಲಲ್ಲಿ ಕವಳಿಹಣ್ಣಿನ ಚೀಲ. ಆ ಚೀಲ ನಮ್ಮ ಅಡುಗೆಮನೆಗೆ ಬರುತ್ತದೋ ಬಸ್ಸಿನಲ್ಲಿ ಹಾಗೇ ತಿರುಗಿ ಹೋಗುತ್ತದೋ ಎಂದು ನನಗೆ ಅದರ ಮೇಲೆಯೇ ಕಣ್ಣು. ಗಂಡಸರು ಹಿಂದೆ ಗೋಡೆಗಂಟಿ ಕೂತಿದ್ದರು. ಉಡಿ ತುಂಬಿದ್ದ ಕಡಲೆಯನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಬ್ಯಾಗಿಗೆ ಹಾಕಿಕೊಂಡು, ಬ್ಯಾಗನ್ನು ತೋಳಿಗೆ ಸಿಕ್ಕಿಸಿಕೊಂಡೇ ವೇದಿಕೆ ಹತ್ತಿದೆ.

ಹೆದರಿಕೆ ಆಗಲಿಲ್ಲ. ಮೊದಲ ಸಾಲು ಸ್ಪಷ್ಟ. ಎರಡನೆಯದಕ್ಕೆ ಕೈಯಲ್ಲೇ ಮಲ್ಲಿಗೆ ಅರಳಿಸಿದೆ. ಮೂರನೆಯ ಸಾಲಿಗೆ ಗೋದಕ್ಕನ ಕಡೆ ತಿರುಗಿ ಕೈ ಮುಗಿದೆ. ಅವಳ ಮುಖ ಸಡಿಲವಾದದ್ದು ಕಂಡಿತು. ಆ ಹುರುಪಿನಲ್ಲಿ ದನಿ ಏರಿಸಿ, ಇಡೀ ಹಾಲಿಗೆ ಕೇಳುವಂತೆ ಹೇಳಿದೆ:

"ವೀರಭದ್ರಪ್ಪನವರ ಹೆಸರು ಹೇಳತೀನಿ ಬರೋಬ್ಬರಿ!"

ಹೇಳಿ, ಸ್ಕೂಲಿನಲ್ಲಿ ಮಾಡುತ್ತಿದ್ದಂತೆ ಮೊಣಕಾಲು ಬಗ್ಗಿಸಿ ವಂದಿಸಿದೆ. ಚಪ್ಪಾಳೆ ಬರಲಿಲ್ಲ. ತಲೆಯೆತ್ತಿ ನೋಡಿದರೆ ಹಿಂದಿನ ಸಾಲಿನಲ್ಲಿ ವೀರಭದ್ರಪ್ಪನವರು ಎದ್ದು, ಕೈ ಮುಗಿದು, ಶಾಲು ಹೊದಿಸಿಕೊಳ್ಳಲು ಕರೆದಂತೆ ನಿಂತಿದ್ದರು. ಪಕ್ಕದಲ್ಲಿ ನಮ್ಮವರು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು, ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ಹುಡುಕುವವರಂತೆ ನೋಡುತ್ತಿದ್ದರು.

ಆಗ ಮೈಕಿನಲ್ಲಿ ಶಾಂತಕ್ಕನ ದನಿ: "ಒಯ್ರಿ ಬಾಯಾರ, ಒಯ್ರಿ! ಮುಂಜಾನಿ ಬಿಸಿನೀರ ಬೇಕ, ರೊಟ್ಟಿ ಮೆತ್ತಗ ಬೇಕ, ಗೊರಕಿ ಫ್ರೀ. ಒಂದ ಮಾತ, ತಿರುಗಿ ತಂದು ಬಿಡಬ್ಯಾಡ್ರಿ!"

ಇಡೀ ಹಾಲ್ ನಗೆಯಿಂದ ಸಿಡಿಯಿತು. ಭಜನೆಯವರು ತಾಳ ಹೊಡೆದರು. ಯಾರೋ ಕಲ್ಲಂಗಡಿಯ ಹಂಸದ ಮೇಲೆ ಬಿದ್ದು ನಕ್ಕರು. ಅದಕ್ಕಿದ್ದ ಕತ್ತೂ ಹೋಯಿತು. ನಾನು ಮೈಕು ಹಿಡಿದು "ಸಾರಿ, ತಾಲೀಮಿನ ಹೆಸರದು, ತಾಲೀಮಿನ ಹೆಸರು" ಎಂದು ಕೂಗಿದರೆ ಯಾರು ಕೇಳಬೇಕು? ಆ ಗದ್ದಲದಲ್ಲಿ ವೀರಭದ್ರಪ್ಪನವರು, ಜನ್ಮದಲ್ಲಿ ಸಭೆಯಲ್ಲಿ ಬಾಯಿ ಬಿಡದವರು, ವಿನಯದಿಂದ ಹೇಳಿದರು:

"ನಂಗ ಮೊದಲ ಗೊತ್ತಿತ್ರಿ. ಯುಗಾದಿ ಆದಾಗಿಂದ ಬಾಯಾರ ಅಡಗಿಮನಿ ಕಿಡಕ್ಯಾಗಿಂದ ದಿನಾ ಎರಡ ಹೊತ್ತು ನನ್ನ ಹೆಸರು ಬರತಿತ್ರಿ. ಯಾವದರ ವ್ರತ ಇರಬೇಕಂತ ಸುಮ್ಮಿದ್ನಿ."

ಎಡಗಿವಿ ಕೇಳುವುದಿಲ್ಲವೆಂದು ನೋಡಿದ್ದೆ. ನಮ್ಮ ಅಡುಗೆಮನೆ ಅವರ ಬಲಗಿವಿಗೆ ಬರುತ್ತದೆಂದು ನೋಡಿರಲಿಲ್ಲ.

ನಮ್ಮವರು ಎದ್ದರು. "ನಾ ಹೋಗಿ ಮುಂದಿನ ಬಾಗಲಾ ತಗದು ನಿಂದರತೀನಿ. ಯಾರ್ಯಾರು ಬರತೀರಿ ನೋಡೂಣು" ಎಂದು ಹೊರಟೇಬಿಟ್ಟರು. ಬಾಗಿಲಿಗೆ ಮುಂಜಾನೆಯೇ ಮಾವಿನ ತೋರಣ ಕಟ್ಟಿದ್ದರು, ಅಕ್ಕ ಬರುತ್ತಾಳೆಂದು. ಅದು ನೆನಪಾಗಿ ನನ್ನ ನಗು ನಿಂತಿತು.

ಗೋದಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಚೀಲ ಹಿಡಿದು ಎದ್ದು ನಿಂತಳು.

"ಖಾನಾಪುರ ಬಸ್ಸು ಎಷ್ಟಕ್ಕದ?" ಎಂದು ಕೇಳಿದಳು.

ನಾನು ವೇದಿಕೆಯಿಂದ ಇಳಿದು ಅವಳ ಚೀಲ ಹಿಡಿದುಕೊಂಡೆ. "ಗೋದಕ್ಕ, ಇನ್ನೊಂದ್ಸಲ ಹೇಳತೀನಿ. ಒನ್ ಚಾನ್ಸ್..."

"ಬ್ಯಾಡ. ಒಡಪು ಒಮ್ಮೆ ಹೇಳಿದ್ರ ಹೇಳಿಧಂಗ. ಛಂದ ಕಟ್ಟಿದ್ದಿ. ನಾಲ್ಕ ಮಂದಿ ಮುಂದನೂ ಹೇಳಿದಿ. ಆದ್ರ ನಮ್ಮ ಶೀನ್ಯಾ ಇದರಾಗೂ ಇಲ್ಲ."

"ಹಂಗಾರ?"

"ಹಂಗಾರ ಏನು? ಯಾರ ಹೆಸರು ಹೇಳತಾರ ಅವರ ಬಾಗಲಾ ತೆರೀತದ. ವೀರಭದ್ರಪ್ಪನವರ ಬಾಗಲಾ ತೆರದದ." ಶಾಂತಕ್ಕನ ಕಡೆ ತಿರುಗಿ, "ನಡೀರಿ, ನಿಮ್ಮ ಮನಿಗೆ. ಈಗ ನಾ ಪೋಸ್ಟಮನ್ ಅಲ್ಲ" ಎಂದಳು.

ಎಂಬತ್ತು ದಾಟಿದ ಆ ತಲೆಯಲ್ಲಿ ಈ ದಾರಿ ಯಾವಾಗ ಹೊಳೆಯಿತೋ. ಒಡಪಿನ ಮರ್ಯಾದೆ ಉಳಿಯಿತು, ಮೊಣಕಾಲೂ ಉಳಿಯಿತು. ಶಾಂತಕ್ಕ ಓಡಿಹೋಗಿ ಆರತಿ ತಟ್ಟೆ ಹಿಡಿದು ತನ್ನ ಮುಂಬಾಗಿಲಲ್ಲಿ ನಿಂತಳು. ಗೋದಕ್ಕ ಬಲಗಾಲಿಟ್ಟು ವೀರಭದ್ರಪ್ಪನವರ ಮನೆ ಹೊಕ್ಕಳು, ಹಿಂದೆ ನಾನು. ನಡುಮನೆಯಲ್ಲಿ ಪಾನಕ ಕುಡಿದು, ದೇವರಮನೆಗೆ ಕೈಮುಗಿದು, ಹಿತ್ತಲಿಗೆ ಬಂದು, ಗೋಡೆಯ ಸಂದಿಯಲ್ಲಿ ಒಂದು ಹೆಜ್ಜೆ. ನಮ್ಮ ಅಡುಗೆಮನೆ! ಗೋದಕ್ಕ ಚೀಲ ಇಳಿಸಿದಳು, ಶಿರಾದ ಪಾತೇಲಿಯ ಮುಚ್ಚಳ ತೆಗೆದಳು. ಉಪ್ಪಿನ ಮಾತು ಆಡಲಾಗದೆ, "ಸಕ್ಕರಿ ಕಡಿಮಿ" ಎಂದಳು. ನೀಡಿಸಿಕೊಂಡು ಮಣೆಯ ಮೇಲೆ ಕೂತಳು.

ಅಷ್ಟರಲ್ಲಿ ಮುಂದಿನಿಂದ ನಮ್ಮವರ ದನಿ: "ಯಾಕ, ಯಾರೂ ಬರವಲ್ಲರಲಾ?"

ನಾನು ಹೊರಡಬೇಕೆಂದಿದ್ದೆ. ಗೋದಕ್ಕ ಬಾಯಿ ತುಂಬ ಶಿರಾ ಇಟ್ಟುಕೊಂಡೇ ಹೇಳಿದಳು: "ನಿಂದರಲಿ ಬಿಡು ಸ್ವಲ್ಪ. ನಾನೂ ನಿಂತಿದ್ದೆ."

ಆದರೂ ಮನಸ್ಸು ತಡೆಯದೆ ಹೋದೆ. ಅವರು ಬಾಗಿಲು ತೆರೆದಿಟ್ಟು, ಅಂಗಳದಲ್ಲಿ ನಿಂತು ಓಣಿಯನ್ನೇ ನೋಡುತ್ತಿದ್ದರು. ನನಗೆ ಏನನ್ನಿಸಿತೋ, ಚೌಕಟ್ಟಿನ ಎರಡೂ ಕಡೆ ಕೈ ಚಾಚಿ, "ಕೇಳಿದ್ರ್ಯಾ" ಎಂದೆ.

ತಿರುಗಿ ನೋಡಿ ದಂಗಾದರು. "ನೀ ಒಳಗ ಹೆಂಗ ಬಂದಿ?"

"ಹಿತ್ತಲಿಂದ. ಇರಲಿ, ನೀವು ನನ್ನ ಹೆಸರು ಹೇಳ್ರಿ. ಒಡಪಿನಾಗ. ಹೇಳಿದ್ರ ದಾರಿ."

ಅವರು ಗಲ್ಲ ಕೆರೆದುಕೊಂಡರು. ಕಠಿಣ ಲೆಕ್ಕ ಬಂದಾಗ ಅಡ್ಡಾಡಿ ಬಿಡಿಸುವುದು ಅವರ ಹಳೆಯ ಚಟ. "ಸ್ವಲ್ಪ ಟೈಮ್ ಕೊಡು. ಅಡ್ಡಾಡಿಕೋತ ಕಟ್ಟತೀನಿ" ಎಂದು, "ನಳಿನಿ... ನಳಿನಿ..." ಎಂದು ಗುನುಗುತ್ತ ಮನೆಯ ಮೂಲೆ ತಿರುಗಿದರು.

ನಾನು ಕೈ ಚಾಚಿ ನಿಂತೆ. ಬಾಗಿಲು ಹಿಡಿದು ನಿಲ್ಲುವುದು ನೋಡುವಷ್ಟು ಸುಲಭವಲ್ಲ; ಭುಜ ನೋಯುತ್ತದೆ. ಆದರೆ ಯಾರೋ ನನ್ನ ಹೆಸರಿಗೆ ಪ್ರಾಸ ಹುಡುಕುತ್ತಿದ್ದಾರೆ ಎಂಬ ಗುಂಗಿನಲ್ಲಿ ನೋವು ಹಿತವಾಗಿಯೂ ಇರುತ್ತದೆ. ಗೋದಕ್ಕನೂ ಅವತ್ತು, ಒಳಗೆ ಬರಬೇಕಾದವಳು ತನ್ನನ್ನು ಕೇಳಿಯೇ ಬರಲಿ ಎಂದಷ್ಟೇ ನಿಂತಿದ್ದಳೇನೋ ಅನ್ನಿಸಿತು. ಹಸಿವಾಯಿತು. ಒಂದು ಕೈ ಬಿಟ್ಟು, ಬ್ಯಾಗಿನ ಕರವಸ್ತ್ರದ ಗಂಟು ಬಿಚ್ಚಿ ಒಂದೊಂದೇ ಕಡಲೆ ತಿನ್ನತೊಡಗಿದೆ. ಅರ್ಧ ಗಂಟು ಮುಗಿಯಿತು. ತೋರಣದ ಎಲೆ ಗಾಳಿಗೆ ತಲೆಗೆ ತಾಗುತ್ತಿತ್ತು. ನನಗಾಗಿ ಒಳ್ಳೆಯ ಉದ್ದನೆಯ ಒಡಪನ್ನೇ ಕಟ್ಟುತ್ತಿದ್ದಾರೆ ಎಂದುಕೊಂಡೆ.

ಆಗ ಒಳಗಿನಿಂದ ಚಮಚದ ಸಪ್ಪಳ ಕೇಳಿತು. ಒಂದಲ್ಲ, ಎರಡು ಚಮಚ. ಹಿಂದೆಯೇ ನಮ್ಮವರ ದನಿ, "ಅಕ್ಕಾ, ಸಕ್ಕರಿ ಬರೋಬ್ಬರಿ ಅದಲಾ?"

ಕಡಲೆ ಬಾಯಲ್ಲಿ ಹಾಗೇ ಉಳಿಯಿತು. ಆಮೇಲೆ ಗೋದಕ್ಕ ಕೂಗಿದಳು:

"ನಳೂ, ಬಾಗಲಾ ಬಿಟ್ಟು ಬಾ. ಶಿರಾ ಆರತದ."